‘ಪಾಷ್’ ಪುರಾಣ

‘ಪಾಷ್’ ಬಡಾವಣೆ, ‘ಪಾಷ್’ ಹೋಟೆಲು ಎಂದು ನಾವು ದಿನವೂ ಆಡುವ ಈ ಇಂಗ್ಲಿಷ್ ಆಡುಮಾತಿಗೆ ಒಂದು ಸ್ಥಳಪುರಾಣವುಂಟು. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ದೊರೆಗಳು ಹಡಗಿನಲ್ಲಿ ಬಿಸಿಲು ತಾಗದ ಕೋಣೆಯನ್ನೇ ಹಿಡಿಯುತ್ತಿದ್ದರಂತೆ: ಬರುವಾಗ ಎಡಬದಿ, ಮರಳುವಾಗ ಬಲಬದಿ. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ನಾಲ್ಕು ಮಾತುಗಳ ಮೊದಲಕ್ಷರಗಳನ್ನು ಪಿ. ಅಂಡ್ ಓ. ಕಂಪೆನಿಯವರು ಟಿಕೆಟ್ಟಿನ ಮೇಲೆ ಒತ್ತುತ್ತಿದ್ದರಂತೆ. ಅದೇ ‘ಪಾಷ್’ ಆಯಿತಂತೆ! ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರಿಗೆ ನಮ್ಮಲ್ಲಿ ಬರವಿಲ್ಲ.

ಇಷ್ಟೊಂದು ‘ಅಂತೆ’ಗಳಿಗೆ ಆಧಾರವೇನು? ಸಾವಿರಾರು ಜನ ಪಯಣಿಸಿದ ಹಡಗುಗಳವು. ಹಾಗೆ ಮುದ್ರೆಯೊತ್ತಿದ ಒಂದೇ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಕಂಪೆನಿಯ ಕಡತಗಳಲ್ಲಿಯೂ ಸುಳಿವಿಲ್ಲ. ಆಕ್ಸ್‌ಫರ್ಡ್ ನಿಘಂಟುಕಾರರು ಈ ಕಥೆಯನ್ನು ಒಪ್ಪಿಲ್ಲ.

ದಾಖಲೆಯುಳ್ಳ ಸಂಗತಿಗಳು ಬೇರೆಯೇ ಇವೆ. 19ನೆಯ ಶತಮಾನದ ಇಂಗ್ಲೆಂಡಿನ ಕಳ್ಳಕಾಕರ ಬಾಯಲ್ಲಿ ‘ಪಾಷ್’ ಎಂದರೆ ಚಿಲ್ಲರೆ ಕಾಸು. 1890ರ ಹೊತ್ತಿಗೆ ಅದಕ್ಕೆ ಷೋಕಿಲಾಲನೆಂಬ ಅರ್ಥವೂ ದಾಖಲಾಗಿದೆ. 1918ರ ‘ಪಂಚ್’ ಪತ್ರಿಕೆಯ ವ್ಯಂಗ್ಯಚಿತ್ರವೊಂದರಲ್ಲಿ ಸೈನ್ಯಾಧಿಕಾರಿಯೊಬ್ಬ ತಾಯಿಯೊಡನೆ ಮಾತಾಡುತ್ತ, ಸೊಗಸಾದುದು ಎಂಬ ಅರ್ಥದಲ್ಲಿ ಈ ಪದವನ್ನು ಬಳಸುತ್ತಾನೆ. ಕಾಸೆಂಬ ಅರ್ಥದ ಬೇರು ಜಿಪ್ಸಿಗಳ ರೋಮಾನಿ ನುಡಿಯಲ್ಲಿದೆ. ಅಲ್ಲಿ ‘ಪಾಷ್’ ಎಂದರೆ ಅರ್ಧ, ಅದರಿಂದಲೇ ಅರ್ಧ ಪೆನ್ನಿ. ಆ ರೋಮಾನಿಯೋ ಭಾರತದಿಂದ ವಲಸೆ ಹೋದ ನುಡಿ! ಕಾಸು ಷೋಕಿಯಾದ ಬಗೆಯ ಮೇಲೆ ವಿದ್ವಾಂಸರು ಕೊನೆಯ ತೀರ್ಪು ಕೊಟ್ಟಿಲ್ಲ, ನಿಜ. ಆದರೆ ಈ ದಾರಿಯಲ್ಲಿ ಹೆಜ್ಜೆಗುರುತುಗಳಾದರೂ ಇವೆ. ಹಡಗಿನ ದಾರಿಯಲ್ಲಿ ಇರುವುದು ಬರಿಯ ನೀರು.

“ಕಥೆ ಚೆನ್ನಾಗಿದೆಯಲ್ಲ, ಬಿಡಿ ಸ್ವಾಮಿ” ಎನ್ನುವವರಿದ್ದಾರೆ. ಬಿಡುವುದು ಹೇಗೆ? ಅಲೆಮಾರಿಗಳ ಬಾಯಿಂದ ಬಂದ ಮಾತನ್ನು ದೊರೆಗಳ ಖಾತೆಗೆ ಬರೆದುಕೊಡುವುದು ಅನ್ಯಾಯವಲ್ಲವೆ? ಇದೇ ಚಾಳಿ ನಮ್ಮ ಮನೆಯಂಗಳಕ್ಕೂ ಬಂದಿದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟದ್ದರಿಂದ ‘ಬೆಂದಕಾಳೂರು’, ಅದರಿಂದ ಬೆಂಗಳೂರು ಎಂದು ಮಕ್ಕಳಿಗೆ ಹೇಳುತ್ತಲೇ ಇದ್ದೇವೆ. ಆ ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಕೆತ್ತಿದ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಇದೆ. ಊರಿನ ಪಕ್ಕದಲ್ಲೇ ಇರುವ ಕಲ್ಲನ್ನು ಓದದೆ ಕಾಳಿನ ಕಥೆ ನೆಚ್ಚಿದವರು ನಾವು!

ಕಥೆಯನ್ನು ಕಥೆಯೆಂದು ಹೇಳಿದರೆ ಯಾರ ಅಭ್ಯಂತರವೂ ಇಲ್ಲ. ಪದದ ಮೂಲ ಹೇಳಹೊರಟವರು ಮಾತ್ರ ಶಾನುಭೋಗರಂತೆ ಮೊದಲು ಕಡತ ಬಿಚ್ಚಲಿ, ಆಮೇಲೆ ಬಾಯಿ ಬಿಚ್ಚಲಿ.