ಹಿನ್ನೀರಿನ ಮೀನಿನ ಲೆಕ್ಕ ಊರಿನ ಮುಂದಿಡಿ!

ಹೊನ್ನೆಮರಡು ಹಾಗೂ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೊಳೆ–ಹಿನ್ನೀರು ದಂಡೆಯ ಸಮಸ್ತ ಜನರಲ್ಲಿ ವಿನಂತಿ

ಬಂಧುಗಳೇ,

ಈ ವರ್ಷ ಲಿಂಗನಮಕ್ಕಿ ಹಿನ್ನೀರಿಗೆ ಎಷ್ಟು ಮೀನುಮರಿ ಬಿಟ್ಟರು? ಯಾವ ಜಾತಿಯವು? ಯಾವ ದಿನ, ಯಾವ ದಂಡೆಯಲ್ಲಿ? ಬಲೆ ಬೀಸುವ ಪರವಾನಗಿ ಯಾರಿಗೆ ಸಿಕ್ಕಿತು, ಯಾರ ಅರ್ಜಿ ಬಿದ್ದುಹೋಯಿತು, ಏತಕ್ಕೆ? ಮನೆಯಲ್ಲಿ ಕೇಳಿ, ನೆರೆಯವರನ್ನು ಕೇಳಿ, ನಿಮ್ಮ ಪಂಚಾಯಿತಿ ಸದಸ್ಯರನ್ನು ಕೇಳಿ. ಖಚಿತ ಉತ್ತರ ಸಿಗದಿದ್ದರೆ ಈ ಕರಪತ್ರವನ್ನು ಕೊನೆಯವರೆಗೂ ಓದಿ, ಇನ್ನೊಬ್ಬರಿಗೆ ಓದಿ ಹೇಳಿ.

ಈ ನೀರಿನ ಮೇಲೆ ನಮಗೇನು ಹಕ್ಕು?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಳು. ಗದ್ದೆ, ತೋಟ, ಗುಡಿ, ಗಾಡಿಹಾದಿ ಎಲ್ಲ ನೀರಿನಡಿ ಹೋದವು. ಸುಮಾರು 300 ಚದರ ಕಿಲೋಮೀಟರ್ ನೆಲ ಜಲಾಶಯವಾಯಿತು. ನಾಡಿಗೆಲ್ಲ ಬೆಳಕು ಹೋಯಿತು. ಮುಳುಗಡೆಯಾದವರು ಮಾತ್ರ ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ನೆಲ ಹೋದ ಜಾಗದಲ್ಲಿ ನಮಗೆ ಉಳಿದದ್ದು ನೀರು, ನೀರಿನಲ್ಲಿ ಮೀನು.

ಈ ಮೀನಿನ ಹಣೆಬರಹ ಬರೆಯುವ ಕೈಗಳು ಹಲವು. ಮೀನುಮರಿ, ಪರವಾನಗಿ, ಬಲೆಯ ನಿಯಮ ಮೀನುಗಾರಿಕೆ ಇಲಾಖೆಯದು. 1819 ಅಡಿಯವರೆಗೆ ನೀರು ತುಂಬಿಸುವುದು, ಬೇಸಿಗೆಯಲ್ಲಿ ಮಡೆನೂರಿನ ಹಳೆ ಅಣೆಕಟ್ಟು ಕಾಣುವಷ್ಟು ಇಳಿಸುವುದು ಕರ್ನಾಟಕ ವಿದ್ಯುತ್ ನಿಗಮದ್ದು. ಹಿನ್ನೀರಿನ ಒಂದು ಭಾಗ 1972ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಅಭಯಾರಣ್ಯದೊಳಗಿದೆ. ಅಲ್ಲಿ ಅರಣ್ಯ ಇಲಾಖೆಯ ಮಾತು ನಡೆಯುತ್ತದೆ. ಹೊಸನಗರದ ಮಾಣಿ, ಚಕ್ರಾ, ಸಾವೆಹಕ್ಕಲು ಹಿನ್ನೀರಿನ ದಂಡೆಯವರಿಗೂ, ತುಂಗೆಯ ದಂಡೆಯ ತೀರ್ಥಹಳ್ಳಿಯವರಿಗೂ ಇದೇ ಪ್ರಶ್ನೆ: ಇಷ್ಟೆಲ್ಲ ನಿರ್ಧಾರ ಆಗುವಾಗ ದಂಡೆಯ ಮೇಲಿರುವವರನ್ನು ಯಾರು ಕೇಳುತ್ತಾರೆ?

ಅಳತೆ ಎಲ್ಲರ ಕಣ್ಣೆದುರು ನಡೆಯಲಿ

ನಮ್ಮದು ಕಾಗೋಡಿನ ತಾಲ್ಲೂಕು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಭತ್ತ ಅಳೆಯುವ ಕೊಳಗಕ್ಕೆ. ಒಡೆಯರ ಕೊಳಗ ದೊಡ್ಡದು, ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ಅವರು ಕೇಳಿದರು. ರಾಮಮನೋಹರ ಲೋಹಿಯಾ ಕಾಗೋಡಿನವರೆಗೆ ಬಂದರು. ಉಳುವವನ ಹಕ್ಕಿನ ಹೋರಾಟಕ್ಕೆ ದಾರಿ ತೆರೆದದ್ದು ಅಳತೆಯ ಪ್ರಶ್ನೆ.

ಮೀನುಮರಿಯ ಲೆಕ್ಕವೂ ಅಳತೆಯ ಲೆಕ್ಕವೇ. ಲಕ್ಷಗಟ್ಟಲೆ ಮರಿಗಳನ್ನು ಒಂದೊಂದಾಗಿ ಯಾರೂ ಎಣಿಸಲಾರರು. ತೂತಿರುವ ಬಟ್ಟಲಿನಲ್ಲಿ ಮರಿ ತುಂಬಿ, ಒಂದು ಬಟ್ಟಲಿನದನ್ನು ಎಣಿಸಿ, ಉಳಿದ ಬಟ್ಟಲುಗಳಿಗೆ ಗುಣಿಸುತ್ತಾರೆ. ಆ ಮೊದಲ ಬಟ್ಟಲು ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತದೆ. ಮರಿಯ ಉದ್ದವೂ ಮುಖ್ಯ. ದೊಡ್ಡ ಜಲಾಶಯದಲ್ಲಿ ಸಣ್ಣ ಮರಿ ಬಿಟ್ಟರೆ ದೊಡ್ಡ ಮೀನಿನ ಬಾಯಿಗೆ ಹೋಗುತ್ತದೆ. ಬೆರಳುದ್ದ ಬಲಿತ ಮರಿಯನ್ನೇ ಬಿಡಬೇಕು ಎನ್ನುವುದು ತಜ್ಞರ ಸಲಹೆ. ಆದ್ದರಿಂದ ಬಟ್ಟಲು ಎಣಿಸುವಾಗ, ಮರಿಯ ಉದ್ದ ನೋಡುವಾಗ ಊರಿನವರು ಅಲ್ಲಿರಬೇಕು, ಮಹಜರಿಗೆ ಸಹಿ ಹಾಕಬೇಕು. ಇದರಿಂದ ಪ್ರಾಮಾಣಿಕ ಅಧಿಕಾರಿಗೂ ಬಲ ಬರುತ್ತದೆ. ಇಲ್ಲದ ಅನುಮಾನ ದಂಡೆಯಲ್ಲೇ ಕರಗುತ್ತದೆ.

ಯಾವ ಜಾತಿ ಬಿಡುತ್ತಾರೆ ಎಂಬುದು ಇನ್ನೂ ದೊಡ್ಡ ಮಾತು. ಶರಾವತಿಯ ಹೆಸರನ್ನೇ ಪಡೆದ ಮೀನುಗಳಿವೆ. 2004ರಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್, 2006ರಲ್ಲಿ ಷಿಸ್ಟುರಾ ಶರಾವತಿಯೆನ್ಸಿಸ್ ಮತ್ತು ನಾಗೋಡಿಯ ಹೆಸರಿನ ಷಿಸ್ಟುರಾ ನಾಗೋಡಿಯೆನ್ಸಿಸ್ ಲೋಕಕ್ಕೆ ಪರಿಚಯವಾದವು. ಕಾಟ್ಲಾ, ರೋಹು, ಗೆಂಡೆ ಬಲೆಗೆ ಬಿದ್ದರೆ ಅಡುಗೆಮನೆಗೂ ಸಂತೆಗೂ ಒಳ್ಳೆಯದೇ. ಆದರೆ ಹೊರಗಿನ ಮೀನು ತಂದು ಬಿಡುವ ಮೊದಲು ಹಳ್ಳದ ಮೀನಿನ ಗತಿಯನ್ನು ಯಾರಾದರೂ ವಿಚಾರಿಸಬೇಕು. ಹತ್ತುಮೀನು ಯಾವ ಮಳೆಗೆ ಯಾವ ಹಳ್ಳ ಏರುತ್ತದೆಂದು ಬಲ್ಲ ಹಿರಿಯರು ಊರೂರಿನಲ್ಲಿದ್ದಾರೆ. ಅವರ ತಿಳಿವಳಿಕೆ ಕಡತದಲ್ಲಿ ದಾಖಲಾಗಬೇಕು.

ಕಾನೂನು ನಮ್ಮ ಕೈಯಲ್ಲೇ ಇದೆ

ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಸೆಕ್ಷನ್ ಓದಿ. ಜನರಿಗೆ ತಟ್ಟುವ ಮುಖ್ಯ ನಿರ್ಧಾರ ಪ್ರಕಟಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಪ್ರಕಟಿಸಬೇಕು. ಬಾಧಿತರಿಗೆ ನಿರ್ಧಾರದ ಕಾರಣ ತಿಳಿಸಬೇಕು. ಕೇಳದಿದ್ದರೂ ಮಾಡಬೇಕಾದ ಕರ್ತವ್ಯ ಅದು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಗ್ರಾಮಸಭೆಯಂತೂ ನಮ್ಮದೇ. 2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆ ಕಾರ್ಗಲ್‌ನಲ್ಲೂ ಗೇರುಸೊಪ್ಪದಲ್ಲೂ ನಡೆದಾಗ ಜನ ಎದ್ದು ನಿಂತು ಮಾತಾಡಿದರು. ಮೀನಿನ ವಿಷಯದಲ್ಲೂ ನಮ್ಮ ಮಾತು ನಿರ್ಧಾರಕ್ಕಿಂತ ಮೊದಲೇ ದಾಖಲಾಗಬೇಕು.

ಇದು ಆಗದ ಮಾತಲ್ಲ. ಮಧ್ಯಪ್ರದೇಶದ ತವಾ ಜಲಾಶಯದಲ್ಲಿ ಮುಳುಗಡೆಯಾದವರು ಸಹಕಾರಿ ಸಂಘಗಳನ್ನು ಕಟ್ಟಿ, ಅವನ್ನು ತವಾ ಮತ್ಸ್ಯ ಸಂಘವಾಗಿ ಒಗ್ಗೂಡಿಸಿದರು. 1996ರಲ್ಲಿ ಮೀನಿನ ಹಕ್ಕು ಪಡೆದರು. ಮರಿ ಬಿಡುವುದು, ಹಿಡಿಯುವುದು, ಮಾರುವುದು ಎಲ್ಲವನ್ನೂ ಹತ್ತು ವರ್ಷ ತಾವೇ ನಡೆಸಿದರು. ಅವರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ?

ನಮ್ಮ ಬೇಡಿಕೆಗಳು

1. ಬಿಟ್ಟ ಮರಿಯ ಸಂಖ್ಯೆ, ಜಾತಿ, ಉದ್ದ, ಖರ್ಚು, ದಿನ, ಜಾಗ – ಎಲ್ಲವೂ ಪಂಚಾಯಿತಿ ಫಲಕದಲ್ಲಿ ಕನ್ನಡದಲ್ಲಿ ಬರಲಿ. ಮರಿ ಬಿಡುವ ದಿನ ಮೊದಲೇ ಡಂಗುರ ಸಾರಲಿ.
2. ಪರವಾನಗಿ, ಗುತ್ತಿಗೆ ಪಡೆದವರ ಪಟ್ಟಿ, ಕಟ್ಟಿದ ಶುಲ್ಕ, ತಿರಸ್ಕೃತ ಅರ್ಜಿಯ ಕಾರಣ ಬಹಿರಂಗವಾಗಲಿ.
3. ಹೊಸ ಜಾತಿಯ ಮೀನು ಬಿಡುವ ಮುನ್ನ, ಗುತ್ತಿಗೆ ಕೊಡುವ ಮುನ್ನ ವಿಷಯ ಗ್ರಾಮಸಭೆಗೆ ಬರಲಿ. ಚರ್ಚೆ ನಡಾವಳಿಯಲ್ಲಿ ದಾಖಲಾಗಲಿ.
4. ಮೀನು ಹಿಡಿಯಬಾರದ ದಿನ, ಜಾಗ, ಬಲೆಯ ಕಣ್ಣಿನ ಅಳತೆ – ಇವನ್ನು ಮಳೆಗಾಲಕ್ಕೆ ಮೊದಲೇ ತಿಳಿಸಲಿ.
5. ಮೀನುಗಾರಿಕೆ, ಅರಣ್ಯ, ವಿದ್ಯುತ್ ನಿಗಮ ಮೂರೂ ಕಡೆಯವರು ವರ್ಷಕ್ಕೊಮ್ಮೆ ದಂಡೆಯ ಊರಿನಲ್ಲಿ ಒಂದೇ ವೇದಿಕೆಗೆ ಬಂದು ಉತ್ತರಿಸಲಿ.

ನೀವು ಮಾಡಬೇಕಾದ್ದು

ಮುಂದಿನ ಗ್ರಾಮಸಭೆಗೆ ಬನ್ನಿ. ಹೆಣ್ಣುಮಕ್ಕಳು ತಪ್ಪದೆ ಬನ್ನಿ. ಮೀನು ಮಾರಿ ಮನೆ ನಡೆಸುವವರ ಮಾತಿಗೆ ತೂಕ ಹೆಚ್ಚು. ಮೇಲಿನ ಐದು ಬೇಡಿಕೆಗಳನ್ನು ನಿರ್ಣಯವಾಗಿ ಬರೆಸಿ, ನಡಾವಳಿಯ ಪ್ರತಿ ಕೇಳಿ ಪಡೆಯಿರಿ.

ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ, 150 ಪದದೊಳಗೆ ಮುಗಿಸಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ನ್ಯಾಯ ಸಿಗದಿದ್ದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಿ. ಸ್ವೀಕೃತಿ ಚೀಟಿ ಕೈಗೆ ಬರದೆ ಕಚೇರಿಯಿಂದ ಹೊರಡಬೇಡಿ.

ಲೆಕ್ಕ ಕೇಳುವವರು ನಿಯಮವನ್ನೂ ಪಾಲಿಸೋಣ. ಮೊಟ್ಟೆ ಇಡಲು ಹಳ್ಳ ಏರುವ ಮೀನಿಗೆ ಕೂಣಿ ಒಡ್ಡುವುದು ಬೇಡ. ತೋಟೆ ಸಿಡಿಸುವುದು, ವಿಷ ಹಾಕುವುದು ಯಾರೇ ಮಾಡಿದರೂ ತಡೆಯೋಣ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ತುಂಗೆಯ ಮೀನು ನಿರ್ಭಯವಾಗಿ ಈಜುವುದು ಜನ ಅದನ್ನು ತಮ್ಮದೆಂದು ಕಾಯುವುದರಿಂದ. ಹಿನ್ನೀರನ್ನೂ ಹಾಗೆ ಕಾಯಲು ನಾವು ಸಿದ್ಧ. ಕಾಯುವವರಿಗೆ ಲೆಕ್ಕ ತಿಳಿಸುವುದು ಸರ್ಕಾರದ ಧರ್ಮ.

ನೆಲ ಮುಳುಗಿಸುವಾಗ ನಮ್ಮನ್ನು ಕೇಳಲಿಲ್ಲ. ನೀರಿನ ವಿಷಯದಲ್ಲಿ ಕೇಳಲೇಬೇಕು!

ನಿರ್ಧಾರಕ್ಕೆ ಮೊದಲು ಗ್ರಾಮಸಭೆ! ಮರಿ ಬಿಡುವಾಗ ಊರಿನ ಸಾಕ್ಷಿ! ಪಂಚಾಯಿತಿ ಫಲಕದಲ್ಲಿ ಪೂರ್ತಿ ಲೆಕ್ಕ!

ಬನ್ನಿ, ಗ್ರಾಮಸಭೆಯಲ್ಲಿ ಸೇರೋಣ.

– ಶರಾವತಿ ಹಿನ್ನೀರು ದಂಡೆಯ ಮೀನುಗಾರರು ಮತ್ತು ಗ್ರಾಮಸ್ಥರು