ಈಜು, ಸೈಕಲ್, ಓಟ

ಹತ್ತು ವರ್ಷದ ಮಗಳನ್ನು ಟ್ರಯಥ್ಲಾನ್ ಅಭ್ಯಾಸಕ್ಕೆ ಕಳುಹಿಸಬಹುದೇ ಎಂದು ಯಲಹಂಕದ ತಾಯಿಯೊಬ್ಬರು ಕೇಳಿದ್ದಾರೆ. ಈಜು, ಸೈಕಲ್ ಸವಾರಿ, ಓಟ ಮೂರನ್ನೂ ಬಿಡುವಿಲ್ಲದೆ ಮುಗಿಸುವ ಈ ಸ್ಪರ್ಧೆ 2000ದಲ್ಲಿ ಸಿಡ್ನಿ ಒಲಿಂಪಿಕ್ಸನ್ನು ಸೇರಿತು. ಅಲ್ಲಿಯ ದೂರ ಕ್ರಮವಾಗಿ 1.5, 40 ಮತ್ತು 10 ಕಿಲೋಮೀಟರ್. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಬಹಳ ಕಡಿಮೆ. ಬೆಂಗಳೂರಿನಲ್ಲಿದ್ದು ಅಭ್ಯಾಸ ಮಾಡಿದ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಮೂರು ದಿನಗಳ ಅಲ್ಟ್ರಾಮ್ಯಾನ್ ಸ್ಪರ್ಧೆಯನ್ನೇ ಪೂರೈಸಿದರು. ಹೆಣ್ಣುಮಗುವಿಗೆ ಇದೇಕೆ ಎನ್ನುವ ಹಿರಿಯರಿಗೆ ಇಷ್ಟು ಸಾಕು.

ನನ್ನ ಅಂಜಿಕೆ ಬೇರೆ. ಹೆಬ್ಬಾಳದಿಂದ ನಂದಿಬೆಟ್ಟದ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ವಾಹನವೇಗವನ್ನು ನೀವೂ ಬಲ್ಲಿರಿ. ಅಲ್ಲಿಗೆ ಮಗುವಿನ ಸೈಕಲ್ ಸರ್ವಥಾ ಸಲ್ಲದು; ವಾಹನ ಬಾರದ ಮೈದಾನದಲ್ಲಿಯೇ ಆಗಲಿ. ಮೊದಲು ಈಜು ಕಲಿಸಿರಿ. ದಣಿದ ದೇಹ ನೀರಿಗಿಳಿಯುವುದು ಅಪಾಯ. ಸ್ಪರ್ಧೆಯೂ ಈಜಿನಿಂದಲೇ ಆರಂಭವಾಗುತ್ತದೆ. ಒಂದು ವರ್ಷ ಕೊಳದಲ್ಲಿ ಕಳೆಯಲಿ, ತಾಯಿ. ಹೊಸ ಸೈಕಲ್ ಕೊಳ್ಳುವ ಮಾತು ಆಮೇಲೆ.