ಮದುಮಗಳು ನನಗೆ ಒಲಿಯಲಿಲ್ಲ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೂರು ಸಲ ಕೈಗೆತ್ತಿಕೊಂಡೆ, ಮೂರು ಸಲವೂ ಅರ್ಧಕ್ಕೇ ಬಿಟ್ಟೆ. 1967ರಲ್ಲಿ ಬಂದ ಪುಸ್ತಕ, ವಿಮರ್ಶಕರು ಇವತ್ತಿಗೂ ಹೊಗಳುತ್ತಾರೆ. ನನಗೋ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ ಅಂತ ಯಾವ ಮನೆಯವರು ಯಾರಿಗೆ ನೆಂಟರು ಅನ್ನೋದೇ ತಲೆಗೆ ಹತ್ತಲಿಲ್ಲ. ಬಯಲುಸೀಮೆಯವನು ನಾನು, ಆ ಕಾಡು, ಆ ಮಳೆ ಕಂಡವನಲ್ಲ.

‘ಮೊದಲ ನೂರು ಪುಟ ಕಷ್ಟ ಕಣಪ್ಪಾ’ ಅಂತ ಹೊಗಳುವವರಲ್ಲಿ ಒಬ್ಬರಾದರೂ ಹೇಳಿದ್ದರೆ, ನಾನೇ ದಡ್ಡ ಅಂದುಕೊಂಡು ಪುಸ್ತಕ ಮುಚ್ಚುತ್ತಿರಲಿಲ್ಲ. ಗ್ರಂಥಾಲಯದಿಂದ ಒಯ್ದು ಎರಡೇ ದಿನಕ್ಕೆ ವಾಪಸ್ ಕೊಡುವ ಹುಡುಗರಿಗೂ ಹೀಗೇ ಅನ್ನಿಸುತ್ತಿರಬೇಕು.

ನನ್ನನ್ನು ಹಿಡಿದು ಕೂರಿಸಿದ್ದು ಹೆಗ್ಗಡೆಯವರ ಆಳು ನಾಯಿಗುತ್ತಿ, ಅವನ ನಾಯಿ ಹುಲಿಯ. ಈಗ ನಾಲ್ಕನೇ ಸಲ ಓದುತ್ತಿದ್ದೇನೆ. ದೊಡ್ಡಮನೆಗಳ ಸುದ್ದಿ ಬಂದರೆ ಪುಟ ಹಾರಿಸಿ, ಇವರಿಬ್ಬರ ಹಿಂದೆಯೇ ಹೋಗುತ್ತೇನೆ. ಹೀಗೆಲ್ಲ ಓದಬಾರದು ಅಂತ ಬೈಯುವವರು ಬೈಯಲಿ.